ಚಹಾ ಕೊಟ್ಟು ಗಾಲಿಕುರ್ಚಿ ಕಳಕೊಂಡೆ

ಎರಡು ವರ್ಷದ ಹಿಂದಿನ ಮಾತು, ಆಗ ನನಗ ಎಪ್ಪತ್ತೊಂದು. ಸೊಂಟ ಮುರಿದಿತ್ತು, ಸರಕಾರಿ ಆರೋಗ್ಯ ವಿಮೆಯೊಳಗ ಗಾಲಿಕುರ್ಚಿ ಕೇಳಿದ್ದೆ. ನಾನು ಖರೇನ ನಡೆಯಲಾರೆನೋ ಏನೋ ಅಂತ ನೋಡಲಿಕ್ಕೆ ಸಾಹೇಬರೊಬ್ಬರು ಭೋಸರಿಯ ನಮ್ಮ ಖೋಲಿಗೆ ಬಂದರು. ಮನಿಗೆ ಬಂದವರನ್ನ ಹಂಗ ಕಳಸೋದು ಹೆಂಗ? ಗ್ವಾಡಿ ಹಿಡಕೊಂಡು, ಹಲ್ಲು ಕಚ್ಚಿ, ಕಾಲು ಎಳಕೊಂತ ಒಲಿತನಕ ಹೋಗಿ ಚಹಾ ಮಾಡಿಕೊಟ್ಟೆ.

“ಆಜಿ, ಚಹಾ ಫಕ್ಕಡ್!” ಅಂತ ಹೊಗಳಿ ಇನ್ನೊಂದು ಕಪ್ ಕುಡಿದರು. ಆಮ್ಯಾಲ ಕಾಗದದಾಗ ಬರೆದು, ತಾವೇ ಓದಿ ಹೇಳಿದರು: “ಮನೆಯೊಳಗೆ ಓಡಾಡುತ್ತಾರೆ. ಕುರ್ಚಿ ಬೇಕಿಲ್ಲ.”

ಮರುದಿನ ಮುಂಜಾನೆ ರಿಕ್ಷಾ ಮಾಡಿಕೊಂಡು ಅವರ ಕಚೇರಿಗೆ ಹೋದೆ. ಎರಡೂ ಕಾಲು ಗಟ್ಟಿ ಇದ್ದ ಸಾಹೇಬರ ಕುರ್ಚಿಗೆ ಐದು ಗಾಲಿ ಇದ್ದವು. ಅವರು ಎದ್ದು ನಿಂತದ್ದೇ ತಡ, ಅದರಾಗ ಕುಂತುಬಿಟ್ಟೆ. “ಈಗ ನೀವು ಚಹಾ ತರ್ರಿ, ಸಾಹೇಬ್ರ” ಅಂದೆ.