ಅಂಟಿನ ಪುಟ್ಟಮಲ್ಲಮ್ಮನ ನಲವತ್ತೊಂದನೇ ಪುಟ

ಮೈದಾ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಬೇಕು. ಆಮೇಲೆ ಕುದಿಯುವ ನೀರಿಗೆ ಹುಯ್ದು, ಕೈ ಬಿಡದೆ ತಿರುವಬೇಕು. ಇಳಿಸುವ ಹೊತ್ತಿಗೆ ಒಂದು ಚಿಟಿಕೆ ಮೈಲುತುತ್ತ. ಮೈಲುತುತ್ತ ಬೀಳದಿದ್ದರೆ ಹುಳು, ಇಲಿ, ಬೀದಿ ಹಸು ಎಲ್ಲಕ್ಕೂ ಪೋಸ್ಟರೇ ತಿಂಡಿ. ಕೊಳ್ಳೇಗಾಲ ಸೀಮೆಯಲ್ಲಿ ನಮ್ಮ ಹೋರಾಟದ ಸಂಘದ ಪೋಸ್ಟರು ಎರಡು ಮಳೆಗಾಲ ಕಂಡರೂ ಗೋಡೆ ಬಿಡುತ್ತಿರಲಿಲ್ಲ. ಘೋಷಣೆ ಬರೆದವರು ನಾವಾದ್ದರಿಂದ ಅದು ಘೋಷಣೆಯ ಗಟ್ಟಿತನ ಎಂದೇ ನಂಬಿದ್ದೆವು. ಗೋಡೆಗೆ ಮಾತ್ರ ಗೊತ್ತಿತ್ತು, ಅದು ಧನಗೆರೆಯ ಪುಟ್ಟಮಲ್ಲಮ್ಮ ಕಾಯಿಸಿದ ಅಂಟು ಎಂದು.

ಇಪ್ಪತ್ತು ವರ್ಷ ಅಂಟು ಕಾಯಿಸಿದಳು. ಸಂಘದವರು ಅವಳನ್ನು ಅಂಟಿನ ಪುಟ್ಟಮಲ್ಲಮ್ಮ ಎಂದೇ ಕರೆಯುತ್ತಿದ್ದರು. ಸಭೆಗೆ ಕರೆಯುತ್ತಿರಲಿಲ್ಲ, ಅಂಟಿಗೆ ಕರೆಯುತ್ತಿದ್ದರು. ಗಂಡ ಕರಿಕಲ್ಲು ಕ್ವಾರಿಯಲ್ಲಿ ಬಂಡೆ ಉರುಳಿ ಸತ್ತ. ಆಮೇಲೆ ಊರ ಶಾಲೆಯಲ್ಲಿ ಆಯಾ ಆಗಿ ಸೇರಿದಳು. ಗುಡಿಸುವುದು, ನೀರು ತುಂಬುವುದು, ವರ್ಷಕ್ಕೆರಡು ಸಲ ಕರಿಹಲಗೆಗೆ ಬಣ್ಣ ಬಳಿಯುವುದು. ಇದ್ದಿಲು ಕುಟ್ಟಿ ಜರಡಿ ಹಿಡಿದು, ಹಳೇ ಸೆಲ್ಲು ಒಡೆದು ಅದರೊಳಗಿನ ಕರಿ ಬೆರೆಸಿ, ತೊಂಡೆ ಸೊಪ್ಪಿನ ರಸ ಹಿಂಡಿ ಬಳಿದಳೆಂದರೆ, ಅಂಗಡಿಯ ಬಣ್ಣ ನಾಚಬೇಕು. ಅಂಟು ಮತ್ತು ಕಪ್ಪು, ಈ ಎರಡನ್ನೂ ಅವಳಷ್ಟು ಬಲ್ಲವರು ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

ಅವಳಿಗೊಬ್ಬಳು ಅಕ್ಕ, ಮಾದೇವಮ್ಮ. ತಾಯಿ ಸತ್ತ ಮೇಲೆ ತಂಗಿಯನ್ನು ಸಾಕಿದವಳು. ಎಂಬತ್ತಾರನೇ ಇಸವಿಯಲ್ಲಿ ಆ ಕಡೆಯ ಒಬ್ಬ ದೊಡ್ಡ ಕುಳ, ಕೆರೆ ಅಂಗಳಕ್ಕೆ ಹೊಂದಿಕೊಂಡ ಹನ್ನೊಂದು ಎಕರೆ ಗೋಮಾಳಕ್ಕೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದುಬಿಟ್ಟಿದ್ದ. ಬೇಲಿ ಕೀಳುವ ದಿನ ಬಂತು. ಸಂಘದ ಪದಾಧಿಕಾರಿಗಳು ಏಳು ಜನ ನಾವು ಅರಳಿಕಟ್ಟೆಯ ಮೇಲೆ ಕೂತು ತಹಸೀಲ್ದಾರರಿಗೆ ಕೊಡುವ ಮನವಿ ಪತ್ರದ ಒಕ್ಕಣೆ ತಿದ್ದುತ್ತಿದ್ದೆವು. 'ಕೋರುತ್ತೇವೆ' ಇರಲೋ, 'ಆಗ್ರಹಿಸುತ್ತೇವೆ' ಇರಲೋ ಎಂದು ಅರ್ಧ ಗಂಟೆ ಜಗಳ. ಅಷ್ಟರಲ್ಲಿ ಕೆರೆಯ ಕಡೆಯಿಂದ ಕೂಗು ಕೇಳಿ ಓಡಿದೆವು. ಹೆಂಗಸರು ಆಗಲೇ ಹತ್ತು ಕಂಬ ಉರುಳಿಸಿದ್ದರು. ಮೊದಲ ಕಂಬದ ಬುಡಕ್ಕೆ ಗುದ್ದಲಿ ಹಾಕಿದವಳು ಮಾದೇವಮ್ಮ. ಕುಳದ ಆಳೊಬ್ಬ ಹಾರೆಯಲ್ಲಿ ಬೀಸಿದ ಏಟಿಗೆ ಅವಳ ಎಡಗೈ ಮೊಣಕೈ ಹತ್ತಿರ ಮುರಿದು ಜೋತಾಡುತ್ತಿತ್ತು. ನಾಟಿ ವೈದ್ಯರು ಕಟ್ಟಿದರು. ಕೈ ಕೂಡಿತು, ನೆಟ್ಟಗಾಗಲಿಲ್ಲ.

ಆರು ವರ್ಷವಾದ ಮೇಲೆ ಸಂಘ ತನ್ನ ಹೋರಾಟಗಳ ಬಗ್ಗೆ ಒಂದು ಪುಸ್ತಕ ತಂದಿತು. ಆ ದಿನದ ಅಧ್ಯಾಯ ಬರೆದವನು ನಾನು, ಈ ನಿಂಗರಾಜು. ಪತ್ರಿಕೆಗೆ ಕೊಟ್ಟಿದ್ದ ಹಳೇ ವರದಿಯನ್ನೇ ಎದುರಿಗಿಟ್ಟುಕೊಂಡು ಇಳಿಸಿದೆ. ಪತ್ರಿಕಾ ವರದಿಗೆ ನಮ್ಮಲ್ಲಿ ಒಂದು ಪದ್ಧತಿ: ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಪದವಿಯ ಸಾಲು ಹಿಡಿದು ಹೆಸರು ಬರೆಯುವುದು, ಕೊನೆಗೆ 'ಮುಂತಾದವರು' ಎಂದು ಕೈ ತೊಳೆದುಕೊಳ್ಳುವುದು. ಪುಟ ನಲವತ್ತೊಂದರಲ್ಲಿ ಹೀಗೆ ಅಚ್ಚಾಯಿತು: ಕುಮಾರಸ್ವಾಮಿ, ನಿಂಗರಾಜು ಎಂದು ಏಳು ಹೆಸರು, 'ಮುಂತಾದವರು ಬೇಲಿಯನ್ನು ಕಿತ್ತೆಸೆದರು.' ಹೆಂಗಸರ ಹೆಸರು ಹಾಕಿದರೆ ಕೇಸಿಗೆ ಸಿಕ್ಕಿಬೀಳುತ್ತಾರೆ ಎಂದು ಆಗ ಸಬೂಬು ಹೇಳಿಕೊಂಡೆವು. ಪುಸ್ತಕ ಬರುವ ಹೊತ್ತಿಗೆ ಕೇಸು ಖುಲಾಸೆಯಾಗಿ ಎರಡು ವರ್ಷವಾಗಿತ್ತು.

ಸಂಘಕ್ಕೆ ಕಚೇರಿ ಇರಲಿಲ್ಲ. ಮಾರಾಟವಾಗದ ಪುಸ್ತಕದ ಕಟ್ಟುಗಳನ್ನು ಪುಟ್ಟಮಲ್ಲಮ್ಮನ ಅಟ್ಟಕ್ಕೆ ಏರಿಸಿದೆವು. ಸಾಕ್ಷರತೆಯ ಪಾಠಕ್ಕೆ ಹೋಗಿ ಅವಳು ಅಕ್ಷರ ಕಲಿತದ್ದು ಅದೇ ಕಾಲದಲ್ಲಿ. ಕಲಿತು ಕೂಡಿಸಿ ಓದಿದ ಮೊದಲ ಪುಸ್ತಕ ತಲೆಯ ಮೇಲೆ ಅಟ್ಟದಲ್ಲೇ ಇತ್ತು. ಸಾಲಿನ ಕೆಳಗೆ ಬೆರಳಿಟ್ಟು ಅಕ್ಕನನ್ನು ಹುಡುಕಿದಳು. ಸಿಗಲಿಲ್ಲ.

ಮಾದೇವಮ್ಮ ಆಗ ನಕ್ಕಳಂತೆ. "ಎಸ್ರು ಆಕ್ಬುಟ್ರ ಕೈ ನೆಟ್ಗಾದದಾ? ಸುಮ್ಕಿರು."

ಆದರೆ ಕಾಲ ಸುಮ್ಮನಿರಲಿಲ್ಲ. ಶಾಲೆಯಲ್ಲಿ ಆ ಪುಸ್ತಕ ಓದಿ ಬಂದ ಮೊಮ್ಮಕ್ಕಳು ಕೇಳಿದರು: "ಅಜ್ಜಿ, ನಾನೇ ಮೊದ್ಲು ಗುದ್ಲಿ ಆಕ್ದೆ ಅಂತೀಯ, ಬುಕ್ಕಲ್ಲಿ ಇಲ್ವಲ್ಲ?" ಸೊಸೆ ಇನ್ನೂ ಮುಂದೆ ಹೋಗಿ, "ಉಣಸೇಮರದಿಂದ ಬಿದ್ದು ಕೈ ಮುರ್ಕೊಂಡು ಓರಾಟದ ಕತೆ ಕಟ್ಟವ್ಳೆ" ಎಂದಳು. ಮಾತು ಊರಿನ ಬಾಯಿಗೆ ಬಿತ್ತು. ಕೊನೆಯ ಹತ್ತು ವರ್ಷ ಮಾದೇವಮ್ಮ ಆ ಸೊಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಓಡಾಡಿದಳು. ಸುಳ್ಳಿ ಎನಿಸಿಕೊಂಡೇ ಸತ್ತಳು.

ಹೋದ ವರ್ಷ ಪುಸ್ತಕದ ಎರಡನೇ ಮುದ್ರಣದ ಮಾತು ಎದ್ದಾಗ ಪುಟ್ಟಮಲ್ಲಮ್ಮ, ಕರೆಯದೆಯೇ, ಕೊಳ್ಳೇಗಾಲದ ಸಭೆಗೆ ಬಂದಳು. ಕುಮಾರಸ್ವಾಮಿ ಈಗಲೂ ಅಧ್ಯಕ್ಷ. ಮೂವತ್ತೈದು ವರ್ಷದಿಂದ ಕುರ್ಚಿಗೆ ಅವಳ ಅಂಟೇ ಹಾಕಿ ಕೂತ ಹಾಗೆ ಕೂತಿದ್ದಾನೆ.

"ಸ್ವಾಮಣ್ಣ, ನಲವತ್ತೊಂದ್ನೇ ಪುಟದಲ್ಲಿ ನಮ್ಮಕ್ಕನ್ ಎಸ್ರು ಒಂದ ಸೇರುಸ್ಬುಡಿ."

"ಅಚ್ಚಿನ ಪ್ಲೇಟ್ ಆಗೋಗದ ಕಣವ್ವ. ಈಗ ಒಂದಕ್ಷರ ಮುಟ್ಟಕಾಗಲ್ಲ."

"ಒಂದೇ ಎಸ್ರು ಕಣಣ್ಣ. ಗೇಣುದ್ದನೂ ಇಲ್ಲ."

"ಅವ್ಳ್ ಎಸ್ರು ಸೇರ್ಸುದ್ರ ನಾಳಿಕ್ ಇನ್ನ ನಲವತ್ ಜನ ಬತ್ತಾರ. ಮುಂತಾದವರು ಅಂತ ಆಕಿಲ್ವಾ? ಅದ್ರಲ್ಲಿ ಎಲ್ಲಾರೂ ಬಂದ್ರು."

"ಅಂಗಾದ್ರ ನಿಮ್ಮನ್ನೂ ಅದ್ರೊಳೀಕೇ ತಳ್ಬುಡಿ. ಜಾಗ ಉಳೀತದ."

ಸಭೆ ನಕ್ಕಿತು. ನಾನೂ ನಕ್ಕೆ. ನಕ್ಕು ಮುಂದಿನ ವಿಷಯಕ್ಕೆ ಹೋದೆವು. ಅಟ್ಟದ ಮೇಲಿನ ಹಳೇ ಕಟ್ಟು ಏನು ಮಾಡಲಿ ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಾಗ ಕುಮಾರಸ್ವಾಮಿ ತಲೆ ಎತ್ತದೆ, "ಗುಜರಿಗಾಕು" ಎಂದ.

ಅವಳು ಗುಜರಿಗೆ ಹಾಕಲಿಲ್ಲ. ತಿಂಗಳ ಮೇಲೆ ನಾನು ಧನಗೆರೆಗೆ ಹೋದಾಗ ಮನೆ ಮುಂದೆ ಬಟ್ಟೆ ಒಣಹಾಕುವ ಹಗ್ಗದ ತುಂಬ ಪುಸ್ತಕದ ಹಾಳೆಗಳು ನೇತಾಡುತ್ತಿದ್ದವು. ಎಲ್ಲ ಕಪ್ಪು. ಕರಿಹಲಗೆಗೆ ಬಳಿಯುವ ಅದೇ ಕಪ್ಪು. ಜಗಿದ ಈಚಲು ಕಡ್ಡಿಯಿಂದ ಸಾಲು ಸಾಲಾಗಿ ಬಳಿದು, ಅಲ್ಲೊಂದು ಇಲ್ಲೊಂದು ಪದ ಮಾತ್ರ ಬಿಟ್ಟಿದ್ದಳು. ಹತ್ತಿರ ಹೋಗಿ ಓದಿದೆ. ಸಂಘದ ಸ್ಥಾಪನೆಯ ಪುಟದಲ್ಲಿ ಉಳಿದಿದ್ದದ್ದು: 'ಗಂಡಸರು... ಮಾತನಾಡಿದರು... ನೀರು... ಹೆಂಗಸರು... ತಂದರು.' ಅದರ ಪಕ್ಕದಲ್ಲಿ ಕುಮಾರಸ್ವಾಮಿಯ ಮುನ್ನುಡಿ. ಎರಡು ಪುಟದ ಮುನ್ನುಡಿಯಲ್ಲಿ ಒಂದೇ ಪದ ಉಳಿಸಿದ್ದಳು, ಅದನ್ನು ಒಂದು ಕಡೆಯೂ ಅಳಿಸಿರಲಿಲ್ಲ. 'ನಾನು.' ಎಣಿಸಿದೆ, ಹತ್ತೊಂಬತ್ತು.

ಇನ್ನು ಕೆಲವು ಹಾಳೆಗೆ ಕತ್ತರಿಸಿದ ಚೂರುಗಳನ್ನು ಅಂಟಿಸಿದ್ದಳು. ಗೊಬ್ಬರದ ಚೀಲದ ಎತ್ತಿನ ಚಿತ್ರ, ಮದುವೆ ಕಾರ್ಡಿನ ಕೈಗಳು, ನಮ್ಮ ಹಳೇ ಪೋಸ್ಟರಿನ ಕೆಂಪು. ಒಂದು ಹಾಳೆಯಲ್ಲಿ ಏಳು ಮದುವೆ ಕಾರ್ಡಿನ ಏಳು ಜೋಡಿ ಕೈ ನಮಸ್ಕಾರ ಮಾಡುತ್ತಿದ್ದವು, ಕೆಳಗೆ 'ಕೋರುತ್ತೇವೆ' ಎಂಬ ಒಂದೇ ಪದ.

ಅಲ್ಲಿ ಸಿಂಧು ಎಂಬ ಹುಡುಗಿಯೂ ಇದ್ದಳು. ಯಳಂದೂರಿನ ಕಾಲೇಜಿನಲ್ಲಿ ಪಾಠ ಹೇಳುವವಳು, ಹಳೇ ಹೋರಾಟಗಳ ಬಗ್ಗೆ ಕೇಳಲು ಬಂದು ಈ ಹಗ್ಗದ ಮುಂದೆ ನಿಂತುಬಿಟ್ಟಿದ್ದಳು.

"ಅಮ್ಮ, ಇದಕ್ಕೆ ಬ್ಲ್ಯಾಕ್‌ಔಟ್ ಕವಿತೆ ಅಂತಾರೆ. ಬೇಡದ ಪದ ಮುಚ್ಚಿ, ಉಳಿದ ಪದದಲ್ಲಿ ಪದ್ಯ ಮಾಡೋದು. ಬೇರೆ ಕಡೆಯೆಲ್ಲ ಇದು ದೊಡ್ಡ ಕಲೆ."

"ಪದ್ಯನೂ ಇಲ್ಲ, ಗಿದ್ಯನೂ ಇಲ್ಲ ಕಣವ್ವ. ಬೋರ್ಡ್ ಬಳೀತಾವ್ನಿ. ಬಳುದ್ರೇ ತಾನೇ ಮ್ಯಾಲ ಬರ್ಯಾಕ ಬರೋದು?"

ಸಿಂಧು ಫೋನಿನಲ್ಲಿ ಫೋಟೋ ತೆಗೆದಳು. ಒಳ್ಳೆಯದಾಗಲಿ ಎಂದೇ ಕುಮಾರಸ್ವಾಮಿಗೆ ತೋರಿಸಿದಳು. ಅವನಿಗೆ ಕಪ್ಪು ಕಂಡಿತು, ನಡುವೆ ಕೆಂಪು ಕಂಡಿತು, ಓದುವ ಗೋಜಿಗೆ ಹೋಗಲಿಲ್ಲ. "ಭಲೇ, ಇದೇ ಮುಖಪುಟ" ಎಂದ. ಪುಸ್ತಕ ಬಂತು. ಮುನ್ನೂರು ಪ್ರತಿ. ಹೊರಗೆ ಪುಟ್ಟಮಲ್ಲಮ್ಮ ಬಳಿದ ಕಪ್ಪು ಹಾಳೆ. ಒಳಗೆ ಸಣ್ಣ ಅಕ್ಷರದಲ್ಲಿ, 'ಮುಖಪುಟ: ಗ್ರಾಮೀಣ ಮಹಿಳೆಯೊಬ್ಬರ ಕಲೆ.' ಪುಟ ನಲವತ್ತೊಂದು ಇದ್ದ ಹಾಗೇ ಇತ್ತು. ಅಕ್ಕ ಮುಂತಾದವರಲ್ಲೇ ಉಳಿದಳು, ಈಗ ತಂಗಿಯೂ 'ಒಬ್ಬರು' ಆದಳು.

ನಾಚಿಕೆ ಎಂಬುದು ಇದ್ದಿದ್ದರೆ ಕಟ್ಟುಗಳನ್ನು ಬೇರೆಲ್ಲಾದರೂ ಇಡುತ್ತಿದ್ದೆವು. ಸಂಘಕ್ಕೆ ಇವತ್ತಿಗೂ ಕಚೇರಿ ಇಲ್ಲ. ಲಗೇಜ್ ಆಟೋದಲ್ಲಿ ಹೇರಿ ಅವಳ ಅಟ್ಟಕ್ಕೇ ಕಳಿಸಿದೆವು. ಬಿಡುಗಡೆಗೆ ಹನ್ನೆರಡು ದಿನವಿತ್ತು.

ಆ ಹನ್ನೆರಡು ದಿನ ಅವಳಿಗೆ, ಪ್ರತಿ ಪುಸ್ತಕಕ್ಕೆ ಒಬ್ಬಳಂತೆ, ಮುನ್ನೂರು ಮಾದೇವಮ್ಮಂದಿರು ಬೇಕಾದರು. ಹೆಸರು ಕೈಯಲ್ಲಿ ಬರೆದರೆ ಆಗುತ್ತಿತ್ತು. ಅವಳು ಒಪ್ಪಲಿಲ್ಲ. "ಅಚ್ಚಾದದ್ನ ಅಲ್ವಾ ಜನ ನಂಬೋದು" ಎಂದಳು ಸಿಂಧುವಿಗೆ. ಶಾಲೆಯೇ ಮತಗಟ್ಟೆ, ಚುನಾವಣೆ ಮುಗಿದಾಗೆಲ್ಲ ಬಿಸಾಡಿ ಹೋದ ಮತದಾರರ ಪಟ್ಟಿಗಳನ್ನು ಅವಳು ಒಲೆಗೆಂದು ಗುಡಿಸಿ ಕಟ್ಟಿಟ್ಟಿದ್ದಳು. ಮಾದಪ್ಪ ದೇವರ ಸೀಮೆ ಇದು, ಹೆಣ್ಣು ಹುಟ್ಟಿದರೂ ಅವನದೇ ಹೆಸರು, ಕಲ್ಲೆಸೆದರೆ ಒಬ್ಬ ಮಾದೇವಮ್ಮನಿಗೆ ತಾಕುತ್ತದೆ. ಧನಗೆರೆಯ ಪಟ್ಟಿ ಸಾಲದೆ ಹೋದಾಗ ಸಿಂಧು ಶಾಗ್ಯ, ಹೂಗ್ಯಂ ಕಡೆಯಿಂದೆಲ್ಲ ತಂದುಕೊಟ್ಟಳು. ಇದ್ದವರ ಹೆಸರು, ಸತ್ತವರ ಹೆಸರು ಎಲ್ಲ ಒಂದೇ ಅಳತೆಗೆ ಕತ್ತರಿಸಿ, ಪ್ರತಿ ಪುಸ್ತಕದ ನಲವತ್ತೊಂದನೇ ಪುಟ ತೆರೆದು ನಮ್ಮ ಏಳು ಹೆಸರಿನ ಮೇಲೆ ಕಪ್ಪು ಬಳಿದಳು. 'ಮುಂತಾದವರು' ಎಂಬುದರ ಮೇಲೂ ಬಳಿದಳು. ಒಣಗಿದ ಮೇಲೆ ಅಂಟು ಹಚ್ಚಿ ಅಕ್ಕನನ್ನು ಕೂರಿಸಿದಳು. ಈಗ ಸಾಲು ಹೀಗಿತ್ತು: ಕಪ್ಪು, ಮಾದೇವಮ್ಮ, 'ಬೇಲಿಯನ್ನು ಕಿತ್ತೆಸೆದರು.' ಆಮೇಲೆ ಕಟ್ಟುಗಳನ್ನು ಮೊದಲಿನಂತೆಯೇ ದಾರ ಹಾಕಿ ಬಿಗಿದಿಟ್ಟಳು.

ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ಮಾದೇವಮ್ಮನ ಸೊಸೆ, ಮೊಮ್ಮಕ್ಕಳನ್ನೂ ಪುಟ್ಟಮಲ್ಲಮ್ಮ ಬಸ್ಸು ಹತ್ತಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ಅದಕ್ಕೊಂದು ಲೆಕ್ಕಾಚಾರವಿತ್ತು. ಯಾವ ವೇದಿಕೆ ಸಿಕ್ಕಿದರೂ ಕುಮಾರಸ್ವಾಮಿ ಆ ಬೇಲಿ ಕಿತ್ತ ಪುಟವನ್ನೇ ತೆಗೆದು ಗಟ್ಟಿಯಾಗಿ ಓದುತ್ತಾನೆ. ಮೂವತ್ತು ವರ್ಷದಿಂದ ಕೇಳಿದವಳು ಅವಳು.

ಅವನು ಪುಸ್ತಕ ಬಿಡಿಸಿ, ಗಂಟಲು ಸರಿಮಾಡಿಕೊಂಡು, "ಅಂದು ಬೆಳಿಗ್ಗೆ ಹತ್ತು ಗಂಟೆಗೆ..." ಎಂದು ಶುರು ಮಾಡಿದ. ನಿಂತ. ಕನ್ನಡಕ ತೆಗೆದು ಹಾಕಿಕೊಂಡ. ಅವನ ಕಣ್ಣು ಆ ಸಾಲಿನ ಮೇಲೇ ಇತ್ತು.

"ಓದಿ ಸ್ವಾಮಣ್ಣ" ಎಂದಳು ಪುಟ್ಟಮಲ್ಲಮ್ಮ, ಕೂತಲ್ಲಿಂದಲೇ. "ಅಚ್ಚಾಗಿರೋದ್ನ ಓದಿ."

ಅವನು ಪುಸ್ತಕ ಮಡಿಸಿದ. ನೋಡದೆಯೇ ಹೇಳಿದ, ಅವನಿಗೆ ಬಾಯಿಪಾಠ ತಾನೆ. ಏಳು ಹೆಸರೂ ಕ್ರಮವಾಗಿ ಬಂದವು, ಮುಂತಾದವರೂ ಬಂದರು. ಜನ ಚಪ್ಪಾಳೆ ತಟ್ಟಿದರು. ಸೊಸೆ ಪುಟ್ಟಮಲ್ಲಮ್ಮನ ಕಡೆ ಒಂದು ಸಲ ತಿರುಗಿ ನೋಡಿ, ಸೆರಗು ಸರಿಮಾಡಿಕೊಂಡು ಮಕ್ಕಳನ್ನು ಎಬ್ಬಿಸಿದಳು.

ಪುಸ್ತಕ ಮಾರುವುದನ್ನು ನಿಲ್ಲಿಸಿ ಅಲ್ಲೇ ಹಿಂದಿನ ಕೋಣೆಯಲ್ಲಿ ಕಾರ್ಯಕಾರಿ ಸಮಿತಿ ಸೇರಿತು. ಮುನ್ನೂರು ಪ್ರತಿಯೂ ರದ್ದು, ಗುಜರಿಗೆ. ಮರುಮುದ್ರಣಕ್ಕೆ ಒಪ್ಪಿಗೆ ಇರುವವರು ಕೈ ಎತ್ತಿ. ಎಲ್ಲರೂ ಎತ್ತಿದರು. ಎಲ್ಲರೂ ಎಂದರೆ ನಾನೂ. ಮೂರೇ ದಿನದಲ್ಲಿ ಹೊಸ ಪ್ರತಿ ಬಂತು. ಒಂದಕ್ಷರ ಮುಟ್ಟಲಾಗದು ಎಂದಿದ್ದ ಪುಟವನ್ನು ಮುಟ್ಟಿದ್ದರು: ಏಳು ಹೆಸರಿನ ಮುಂಚೆ 'ಹಿರಿಯ ಹೋರಾಟಗಾರರಾದ' ಎಂದು ಎರಡು ಪದ ಹೊಸದಾಗಿ ಸೇರಿದ್ದವು. ಮುಖಪುಟದಲ್ಲಿ ಈಗ ಮುಷ್ಟಿ ಬಿಗಿದ ಕೈಯ ಚಿತ್ರ.

ವಾರ ಬಿಟ್ಟು ಧನಗೆರೆಗೆ ಹೋದೆ. ಹಗ್ಗದ ಮೇಲೆ ಸೀರೆ ಒಣಗುತ್ತಿತ್ತು, ಹಾಳೆಗಳಿರಲಿಲ್ಲ. ಅವಳು ಒಲೆ ಮುಂದೆ ಕೂತು ಏನೋ ತಿರುವುತ್ತಿದ್ದಳು.

"ನೀನೂ ಕೈ ಎತ್ದಾ ನಿಂಗರಾಜಣ್ಣ?"

"ಊಂ."

"ಯಾವ್ ಕೈ?"

"ಬಲಗೈ."

"ನಮ್ಮಕ್ಕನ್ದು ಮುರ್ದಿದ್ದು ಎಡಗೈ ಕಣ. ಬಲಗೈ ಸಾಯೋ ಗಂಟ ಚೆನ್ನಾಗೇ ಇತ್ತು. ಒಂದ್ ಮೀಟಿಂಗಲ್ಲೂ ಯಾರೂ ಅವ್ಳ ಎತ್ತು ಅನ್ನಲಿಲ್ಲ."

ತಿರುವುವುದನ್ನು ನಿಲ್ಲಿಸದೆಯೇ ಕೇಳಿದಳು.

"ಒಸಾ ಕಟ್ಟು ಎಲ್ಲಿಟ್ಟವ್ರ?"

"ನಮ್ಮನೇಲಿ."

ಎದ್ದು, ಬಿಸಿ ಅಂಟನ್ನು ಒಂದು ತಗಡಿನ ಡಬ್ಬಕ್ಕೆ ಹುಯ್ದಳು. ಇನ್ನೊಂದು ಸಣ್ಣ ಡಬ್ಬದಲ್ಲಿ ಕಪ್ಪು. ಎರಡರ ಮೇಲೆ ಒಂದು ಕಾಗದದ ಪೊಟ್ಟಣ. ಒಳಗೆ ಕತ್ತರಿಸಿದ ಮಾದೇವಮ್ಮಂದಿರು.

"ತಕಂಡೋಗು. ಬರ್ದೋನು ನೀನು, ಬಳ್ಯೋನೂ ನೀನೇ ಆಗು. ನನ್ ಕೈಲಿ ಆಗೋದ್ನ ನಾ ಮಾಡಾಯ್ತು."

ತಂದೆ. ಹನ್ನೊಂದು ತಿಂಗಳಾಯಿತು. ಕಟ್ಟುಗಳು ದಾರ ಬಿಚ್ಚದೆ ನಮ್ಮ ಮನೆಯ ಮಂಚದ ಕೆಳಗಿವೆ, ಡಬ್ಬಗಳು ಕಿಟಕಿಯಲ್ಲಿವೆ. ಮೊನ್ನೆ ಮುಚ್ಚಳ ತೆಗೆದು ನೋಡಿದೆ. ಮೈಲುತುತ್ತ ಹಾಕಿದ ಅಂಟು, ಒಂದು ಹುಳುವೂ ಹತ್ತಿಲ್ಲ. ಒಣಗಿ ಕಲ್ಲಾಗಿದೆ.