ಗೆದ್ದ ವಾರದ ಗಂಟು

ಆ ಮನೆಯ ಬಗ್ಗೆ ಬೀದಿಯವರು ಒಂದು ಮಾತು ಹೇಳುತ್ತಿದ್ದರು. ಅಲ್ಲಿ ಜಗಳ ಅಂತ ಏನಾದರೂ ನಡೆದರೆ ಅದು ಸೋಪಿಗೂ ಕೊಳೆಗೂ ನಡುವೆ, ಗಂಡಹೆಂಡಿರ ನಡುವೆ ಅಲ್ಲ. ಕೆಳಗೆ ಲಾಂಡ್ರಿ, ಮೇಲೆ ಎರಡು ಕೋಣೆಯ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಅವಳು ಒಗೆಯುವವಳು, ಅವನು ಇಸ್ತ್ರಿ ಹಾಕುವವನು. ಅವಳ ಕೈಯಿಂದ ಒದ್ದೆಯಾಗಿ ಹೊರಟದ್ದು ಅವನ ಕೈಯಿಂದ ಗರಿಗರಿಯಾಗಿ ಬೀದಿಗಿಳಿಯುತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಎದುರಿನ ಕ್ಷೌರದಂಗಡಿಯವನಂತೂ ಗಿರಾಕಿಗಳ ಗಲ್ಲಕ್ಕೆ ನೊರೆ ಬಳಿಯುತ್ತಾ, "ಅವರಿಬ್ಬರು ಜಗಳ ಆಡಿದ ದಿನ ನಾನು ಕತ್ತರಿ ಕೆಳಗಿಡ್ತೀನಿ, ನೋಡ್ತಾ ಇರಿ" ಎನ್ನುತ್ತಿದ್ದ.

ಗಂಡನಿಗೆ ಬೀದಿಯವರು ಇಟ್ಟ ಹೆಸರು ಕೋಚ್. ಹುಟ್ಟಿದಂದಿನಿಂದ ಚೆಂಡು ಮುಟ್ಟಿದವನಲ್ಲ, ನಾಲ್ಕು ಮಾರು ಓಡಿದರೆ ಏದುಸಿರು. ಆದರೂ ಊರಿನ ಬಾಸ್ಕೆಟ್‌ಬಾಲ್ ತಂಡ ಎಂದರೆ ಅವನಿಗೆ ಪಂಚಪ್ರಾಣ. ಶನಿವಾರ ನಾಲ್ಕು ಗಂಟೆಗೆ ಇಸ್ತ್ರಿಪೆಟ್ಟಿಗೆ ಆರಿಸಿ ಮೆಟ್ಟಿಲು ಹತ್ತಿ ಟಿವಿ ಮುಂದೆ ಕೂತನೆಂದರೆ, ಯಾರಿಗೆ ಯಾವಾಗ ಚೆಂಡು ಕೊಡಬೇಕೆಂದು ಅವನು ಕೂಗಿ ಹೇಳುವುದು ಕೆಳಗೆ ಮೆಷಿನ್ ತಿರುಗುವ ಸದ್ದನ್ನೂ ಮೀರಿ ಕೇಳಿಸುತ್ತಿತ್ತು.

ಆ ತಂಡದ ಬಟ್ಟೆ ಒಗೆಯುವ ಕೆಲಸ ಈ ಲಾಂಡ್ರಿಯದೇ. ತಂಡಕ್ಕೊಂದು ಪದ್ಧತಿ ಇತ್ತು. ಗೆದ್ದ ಪಂದ್ಯದ ಜೆರ್ಸಿಗಳನ್ನು ಮತ್ತೆ ಸೋಲುವ ತನಕ ಒಗೆಯುವಂತಿಲ್ಲ. ಒಗೆದರೆ ಗೆಲುವೂ ಕೊಳೆಯ ಜೊತೆ ಮೋರಿಗೆ ಹೋಗುತ್ತದೆ ಎಂಬ ನಂಬಿಕೆ. ಹಾಗಾಗಿ ಸೋಮವಾರ ಬೆಳಿಗ್ಗೆ, ತಂಡದ ಸಾಮಾನು ನೋಡಿಕೊಳ್ಳುವ ಸ್ಟೋರಿನ ತಾತ ಸೈಕಲ್ಲಿಗೆ ಗಂಟು ಹೇರಿಕೊಂಡು ಬಂದರೆ, ಟಿವಿ ನೋಡದ ಮುದುಕಿಯರಿಗೂ ಗೊತ್ತಾಗುತ್ತಿತ್ತು, ಸೋತಿದ್ದಾರೆ ಎಂದು. ಒಂದು ವರ್ಷ ಸಾಲಾಗಿ ಆರು ಪಂದ್ಯ ಗೆದ್ದರು. ಆರನೆಯದರಲ್ಲಿ ಎದುರಾಳಿಗಳು ಆಟಕ್ಕಲ್ಲ, ವಾಸನೆಗೆ ಸೋತರು ಎಂದು ಕ್ಷೌರದವನು ಇವತ್ತಿಗೂ ಹೇಳುತ್ತಾನೆ.

ಗಂಟು ಬಾರದ ಸೋಮವಾರ ಕೋಚ್ ತಾನೇ ಚಹಾ ಮಾಡಿ ತಂದು ಅವಳ ಪಕ್ಕದ ಸ್ಟೂಲಿನ ಮೇಲೆ ಇಡುತ್ತಿದ್ದ. ಸಕ್ಕರೆ ಯಾವಾಗಲೂ ಒಂದು ಚಮಚ ಜಾಸ್ತಿ. ಅವಳು ಲೋಟ ಬರಿದಾಗುವ ತನಕ ಕುಡಿಯುತ್ತಿದ್ದಳು. ಅವಳಿಗೆ ಆಟದ ಹುಚ್ಚಿರಲಿಲ್ಲ. ಬೇಕಾಗಿದ್ದದ್ದು ಆ ಚಹಾ.

ಹಾಗಂತ ಅವಳಿಗೆ ಆಟ ಗೊತ್ತಿರಲಿಲ್ಲ ಎನ್ನಬೇಡಿ. ಅವಳು ಟಿವಿಯಲ್ಲಿ ನೋಡುತ್ತಿರಲಿಲ್ಲ, ಬಟ್ಟೆಯಲ್ಲಿ ನೋಡುತ್ತಿದ್ದಳು. ನಾಲ್ಕನೇ ನಂಬರಿನವನ ಕಂಕುಳಲ್ಲಿ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ ಮೂಡಿರುತ್ತಿತ್ತು, ಎರಡು ಸಲ ನೆನೆಹಾಕಿದರೂ ಹೋಗುತ್ತಿರಲಿಲ್ಲ. ಏಳನೆಯವನ ಚಡ್ಡಿಯ ಪಕ್ಕಕ್ಕೆ ಆಟದಂಗಳದ ಮರದ ನೆಲದ ಪಾಲಿಶ್ ಮೆತ್ತಿಕೊಂಡಿರುತ್ತಿತ್ತು. ಬಿದ್ದು ಹೊರಳಿ ಚೆಂಡು ಹಿಡಿಯುವವನು ಅವನು. ಯಾರು ಓಡಿದರು, ಯಾರು ಬಿದ್ದರು, ಯಾರು ಸುಮ್ಮನೆ ನಿಂತಿದ್ದರು ಎಂದು ಗಂಟು ಬಿಚ್ಚಿದ ಕೂಡಲೇ ಅವಳಿಗೆ ತಿಳಿಯುತ್ತಿತ್ತು.

ಆ ವರ್ಷ ತಂಡಕ್ಕೆ ಹೊಸಬನೊಬ್ಬ ಬಂದ, ಒಂಬತ್ತನೇ ನಂಬರಿನವನು. ದೊಡ್ಡ ಹೆಸರಿನ ಆಟಗಾರ, ಮಿಂಚುವ ಕೂದಲು. ಕೋಚ್ ಅವನ ಪಟವನ್ನು ಇಸ್ತ್ರಿ ಮೇಜಿನ ಎದುರಿಗೆ, ಹಬೆ ತಾಗದಷ್ಟು ಎತ್ತರದಲ್ಲಿ ಅಂಟಿಸಿದ. ಅವನ ಜೆರ್ಸಿ ಮೊದಲ ಸಲ ಕೈಗೆ ಬಂದಾಗ ಅವಳು ಬಿಚ್ಚಿ ನೋಡಿ, ಮೂಸಿ, ಇನ್ನೊಮ್ಮೆ ಮೂಸಿದಳು. ಸೆಂಟಿನ ವಾಸನೆ. ಕುತ್ತಿಗೆಯ ಹತ್ತಿರ ಒಂದಿಷ್ಟು ಎಣ್ಣೆ. ಬೆವರಿನ ಸುಳಿವೇ ಇಲ್ಲ.

"ರೀ, ಇವನೇನು ಆಟಕ್ಕೆ ಹೋಗಿದ್ನಾ, ಮದುವೆ ಊಟಕ್ಕೆ ಹೋಗಿದ್ನಾ?" ಎಂದು ಕೇಳಿದಳು.

"ನಿನಗೇನು ಗೊತ್ತು ಆಟ," ಎಂದ ಅವನು ಪಟದ ಕಡೆ ನೋಡುತ್ತಾ. "ಅಂಥವರು ಬೆವರೋದಿಲ್ಲ. ಅಷ್ಟು ಚೆನ್ನಾಗಿ ಆಡ್ತಾರೆ."

ಅವಳು ಜೆರ್ಸಿಯನ್ನು ಉಳಿದವುಗಳ ಜೊತೆ ನೆನೆಹಾಕಿದಳು.

ಸ್ಟೋರಿನ ತಾತನ ಕಾಲು ಮುರಿದದ್ದು ಆಗಲೇ. ಅವನ ಜಾಗಕ್ಕೆ ಬಂದ ಹೊಸಬನಿಗೆ ಪದ್ಧತಿ ಗೊತ್ತಿಲ್ಲ. ತಂಡ ಆ ಶನಿವಾರ ಹೇಗೋ ಗೆದ್ದಿತ್ತು. ಸೋಮವಾರ ಆ ಪುಣ್ಯಾತ್ಮ ಗಂಟು ಹೊತ್ತು ಲಾಂಡ್ರಿಗೆ ಬಂದೇಬಿಟ್ಟ. ಕೋಚ್ ತಂಗಿಯ ಮನೆಗೆ ಹೋಗಿದ್ದ. ಇವಳು ಗಂಟಿಗೆ ಕೈ ಹಚ್ಚಲೂ ಇಲ್ಲ.

"ಗೆದ್ದ ವಾರದ್ದು ಕಣಪ್ಪಾ ಇದು. ವಾಪಸ್ ತಗೊಂಡು ಹೋಗು. ನಮ್ಮ ಮನೆಯವರು ನೋಡಿದ್ರೆ ನಿನ್ನ ಇನ್ನೊಂದು ಕಾಲು ಮುರೀತಾರೆ."

"ನನ್ನ ಎರಡು ಕಾಲೂ ನೆಟ್ಟಗಿವೆ ಅಮ್ಮಾ. ಮುರಿದಿರೋದು ತಾತಂದು."

"ಹಾಗಾದ್ರೆ ಎರಡನ್ನೂ ಉಳಿಸಿಕೊಂಡು ಹೊರಡು."

ಅವನು ಬಂದ ದಾರಿಯಲ್ಲೇ ಗಂಟು ಹೊತ್ತುಕೊಂಡು ಹೋದ. ಅವಳು ಅದನ್ನು ಮರೆತೂ ಬಿಟ್ಟಳು. ಗಂಡನಿಗೆ ಹೇಳುವಂಥದ್ದು ಅದರಲ್ಲಿ ಏನಿತ್ತು?

ತಂಡ ಮುಂದಿನ ವಾರ ಸೋತಿತು, ಅದರ ಮುಂದಿನ ವಾರ ಸೋತಿತು, ಮೂರನೆಯ ವಾರವೂ ಸೋತಿತು. ಕೋಚ್ ಊಟದ ತಟ್ಟೆಯ ಮುಂದೆ ಕೂತು ಅನ್ನ ಕೆದಕುತ್ತಿದ್ದ. ಗಿರಾಕಿಯೊಬ್ಬರ ಬಿಳಿ ಅಂಗಿಯನ್ನು ಇಸ್ತ್ರಿಪೆಟ್ಟಿಗೆಯ ಗುರುತು ಮೂಡುವಂತೆ ಸುಟ್ಟ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಕೋಲೂರಿಕೊಂಡು ಕೆಲಸಕ್ಕೆ ಮರಳಿದ ಸ್ಟೋರಿನ ತಾತ ಅವನಿಗೆ ಯಾವುದೋ ಮಾತಿಗೆ, ತಾನಿಲ್ಲದಾಗ ಗೆದ್ದ ವಾರದ ಗಂಟು ಲಾಂಡ್ರಿಗೆ ಹೋಗಿತ್ತಂತೆ ಎಂದು ಹೇಳಿದ. ಗಂಟು ತಂದಿದ್ದ ಆ ಹೊಸಬ ಅಷ್ಟರಲ್ಲಿ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದ.

ಕೋಚ್ ಓಡುತ್ತಾ ಬಂದ. ಏದುಸಿರಿನಲ್ಲೇ ಕೇಳಿದ.

"ಲೇ, ಆ ವಾರ ಗಂಟು ಬಂದಿತ್ತಾ?"

"ಬಂದಿತ್ತು."

"ಒಗೆದುಬಿಟ್ಟೆಯಾ?"

ಇಲ್ಲ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಮುಖ ಕಂಡಿತು. ಮೂರು ವಾರದಿಂದ ಹೆಣದ ಹಾಗಿದ್ದ ಮುಖಕ್ಕೆ ಜೀವ ಬಂದಿತ್ತು. ತಂಡ ಕೆಟ್ಟಿಲ್ಲ, ಯಾರದೋ ಕೈತಪ್ಪಿನಿಂದ ಹೀಗಾಗಿದೆ, ಸರಿಹೋಗುತ್ತದೆ ಎಂಬ ಆಸೆ ಕಣ್ಣಲ್ಲಿ ಕುಣಿಯುತ್ತಿತ್ತು. ಅದನ್ನು ಚಿವುಟಿ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಒಂದು ವಾರ ಬೈಸಿಕೊಂಡರೆ ಏನು ಗಂಟು ಹೋಗುತ್ತದೆ, ಮುಂದಿನ ಶನಿವಾರ ಗೆದ್ದರೆ ಎಲ್ಲ ಮುಗಿಯಿತು ಎಂದುಕೊಂಡು ತೆರೆದ ಬಾಯಿ ಮುಚ್ಚಿದಳು.

ಅವಳ ಬದುಕಿನಲ್ಲಿ ಅವಳು ಮಾಡಿದ ದೊಡ್ಡ ತಪ್ಪು ಅದೊಂದೇ.

ಮುಂದಿನ ಶನಿವಾರ ಗೆಲ್ಲಲಿಲ್ಲ. ಅದರ ಮುಂದಿನದೂ ಇಲ್ಲ. ಕೋಚ್ ಮೊದಲು ಮನೆಯೊಳಗೆ ಗೊಣಗಿದ, ಆಮೇಲೆ ಗಿರಾಕಿಗಳ ಮುಂದೆ. "ಎಲ್ಲಾ ನಮ್ಮ ಮನೆಯವಳ ಕೈಗುಣ," ಎಂದು ಅಂಗಿ ಮಡಿಸುತ್ತಾ ಹೇಳುತ್ತಿದ್ದ. ಮಾತು ಬೀದಿಗೆ ಬೀಳಲು ಎಷ್ಟು ಹೊತ್ತು? ಬಟ್ಟೆ ತಂದವರು, "ಅಕ್ಕಾ, ನಾಳೆ ನಮ್ಮ ಹುಡುಗೀನ ನೋಡೋಕೆ ಬರ್ತಾರೆ, ಸೀರೇಲಿರೋ ಅದೃಷ್ಟ ಉಳಿಸಿ ಒಗೀರಿ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಏಳನೆಯ ಸೋಲಿನ ಹೊತ್ತಿಗೆ ನಗು ಅವರದು ಮಾತ್ರವಾಯಿತು.

ತಂಡದ ಗಂಟನ್ನು ಇನ್ನು ನೀನು ಮುಟ್ಟಕೂಡದು ಎಂದ ಕೋಚ್. ತಾನೇ ಒಗೆಯತೊಡಗಿದ. ಬಟ್ಟೆ ನೋಡಿ ಒಗೆಯುವವನಲ್ಲ ಅವನು. ಗಂಟಿನ ಗಂಟೇ ಮೆಷಿನ್ನಿಗೆ ಸುರಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಗಲೂ ಸೋತರು. ಅವಳ ಹಾಸಿಗೆ ಮೇಲಿನ ಮನೆಯಿಂದ ಇಸ್ತ್ರಿ ಕೋಣೆಗೆ ಇಳಿಯಿತು. ಆಗಲೂ ಸೋತರು. ಕೊನೆಗೆ ಒಂದು ಶನಿವಾರ ಅವಳು ಟಿವಿ ಕೋಣೆಯ ಕಿಟಕಿಯ ಹತ್ತಿರ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಾಗ, ಅವಳ ಮುಖ ನೋಡದೆ, ಗಡಿಯಾರ ನೋಡುತ್ತಾ ಹೇಳಿದ.

"ಆಟ ಮುಗಿಯೋ ತನಕ ಎಲ್ಲಾದ್ರೂ ಹೋಗಿ ಬಾ."

"ಎಲ್ಲಿಗೆ ಹೋಗಲಿ?"

"ಎಲ್ಲಿಗಾದ್ರೂ. ಮನೇಲಿರಬೇಡ ಅಷ್ಟೇ."

ಅವಳು ಬೆಳ್ಳುಳ್ಳಿ ತಟ್ಟೆ ಮುಚ್ಚಿಟ್ಟು ಹೋದಳು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಎರಡು ಗಂಟೆ ಕೂತು ಬಂದಳು. ಅಲ್ಲಿಂದ ಮುಂದೆ ಪ್ರತಿ ಶನಿವಾರ ಅವನು "ನಾಲ್ಕಾಯ್ತು" ಎನ್ನುವುದು, ಅವಳು ಬರಿಗೈಯಲ್ಲಿ ಮೆಟ್ಟಿಲಿಳಿಯುವುದು ವಾಡಿಕೆಯಾಯಿತು. ಬಸ್ಸಿನವರು ನಿಧಾನ ಮಾಡಿ, "ಬರ್ತೀರಾ ಅಮ್ಮಾ?" ಎಂದರೆ, "ಇಲ್ಲಪ್ಪಾ, ಆಟ ಮುಗೀಬೇಕು" ಎನ್ನುತ್ತಿದ್ದಳು. ಆ ಬೆಂಚಿನ ಮೇಲೇ ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳ ಪರಿಚಯವಾದದ್ದು. ಕೈ ನುರಿತವರು ಸಿಗುತ್ತಿಲ್ಲ, ಇರಲು ಒಂದು ಕೋಣೆಯನ್ನೂ ಕೊಡುತ್ತಾರೆ ಎಂದು ಅವಳು ಎರಡು ಮೂರು ವಾರ ಹೇಳಿದಳು. "ನಮ್ಮಲ್ಲಿ ಬದುಕಿದವರ ಚಾದರಾನೂ ಬರುತ್ತೆ, ಸತ್ತವರದ್ದೂ ಬರುತ್ತೆ. ಆದ್ರೆ ಒಗೆಯೋರನ್ನ ಯಾರೂ ಬೈಯೋದಿಲ್ಲ ಕಣಕ್ಕಾ," ಎಂದಳು. ಇವಳು ನಕ್ಕು, "ನನಗ್ಯಾಕಮ್ಮಾ, ನನಗೆ ಮನೆ ಇದೆ" ಎಂದಿದ್ದಳು.

ಹತ್ತೊಂಬತ್ತನೆಯ ಸೋಲು ಒಂದೇ ಅಂಕದ್ದು. ಆ ಸಂಜೆ ಅವಳು ಮನೆಗೆ ಬಂದಾಗ ಕೋಚ್ ಆರಿದ ಟಿವಿಯ ಮುಂದೆ ಕೂತಿದ್ದ. "ಎಲ್ಲಿ ಕೂತಿದ್ದೆ? ಇನ್ನಷ್ಟು ದೂರ ಹೋಗೋಕೆ ಏನಾಗಿತ್ತು ನಿನಗೆ?" ಎಂದ.

ಸೋಮವಾರ ಗಂಟು ಬಂದಿತು. ಅವನು ಮೆಷಿನ್ನಿನ ಬಾಗಿಲು ತೆಗೆಯುವ ಮೊದಲೇ ಅವಳು ಗಂಟು ಬಿಚ್ಚಿದಳು. ನಾಲ್ಕನೇ ನಂಬರನ್ನು ಹುಡುಕಿ ಇಸ್ತ್ರಿ ಮೇಜಿನ ಮೇಲೆ ಹರಡಿದಳು, ಪಕ್ಕದಲ್ಲಿ ಒಂಬತ್ತನ್ನು.

"ಮುಟ್ಟಬೇಡ ಅಂದಿದ್ದೆ," ಎಂದ ಅವನು.

"ಮೂಸಿ ನೋಡಿ."

"ಏನು ಹುಚ್ಚಾಟ ಇದು?"

"ಮೂಸಿ ನೋಡಿ ಅಂದೆ. ಇಪ್ಪತ್ತಾರು ವರ್ಷ ಬಟ್ಟೆ ಮುಟ್ಟಿದ್ದೀರಿ. ಟಿವಿ ಸುಳ್ಳು ಹೇಳಬಹುದು, ಇದು ಹೇಳುತ್ತಾ?"

ಅವನು ಬಗ್ಗಿದ. ನಾಲ್ಕರ ಕಂಕುಳಿನ ಉಪ್ಪು ಮೂಗಿಗೆ ಬಡಿಯಿತು. ಒಂಬತ್ತನ್ನು ಎತ್ತಿ ಹಿಡಿದ. ತಿರುಗಿಸಿ, ಕಂಕುಳು ಮಡಿಸಿ, ಬೆಳಕಿಗೆ ಹಿಡಿದ. ಇಸ್ತ್ರಿಯವನ ಕಣ್ಣು ಅದು, ಕಂಡದ್ದನ್ನು ಕಂಡಿಲ್ಲ ಎನ್ನಲಾರದು.

"ನಾನು ಒಗೆದಷ್ಟು ದಿನವೂ ಹೀಗೇ ಬಂದಿತ್ತು," ಎಂದಳು. "ಇನ್ನೊಂದು ಕೇಳಿ. ಆ ಗೆದ್ದ ವಾರದ ಗಂಟನ್ನ ನಾನು ಬಿಚ್ಚಲೇ ಇಲ್ಲ. ತಂದವನ ಕೈಗೇ ವಾಪಸ್ ಕೊಟ್ಟೆ. ಬೆವರಿನ ವಾಸನೆಯಲ್ಲೇ ಹಾಕ್ಕೊಂಡು ಆಡಿ ಸೋತರು ಅವರು."

ಹೊರಗೆ ಕ್ಷೌರದವನ ಕತ್ತರಿ ಕಚಕಚ ಎನ್ನುತ್ತಿತ್ತು. ಕೋಚ್ ಒಂಬತ್ತನೇ ಜೆರ್ಸಿಯನ್ನು ಮಡಿಸಿದ, ಒಗೆಯದ ಬಟ್ಟೆಯನ್ನು. ಮತ್ತೆ ಬಿಚ್ಚಿದ.

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನಿಮಗೆ ಒಂದು ಆಸೆ ಇತ್ತು. ಇರಲಿ ಅಂತ."

"ಹಾಗಾದ್ರೆ ಈಗ ಯಾಕೆ ಹೇಳಿದೆ?" ಎಂದು ಕೇಳಿದ. ಸಿಟ್ಟಿಲ್ಲದ, ಸೋತ ದನಿ. "ಈಗ ನಾನು ಯಾರನ್ನ ಬೈಯಲಿ?"

ಅವಳು ಅವನನ್ನೇ ನೋಡಿದಳು. ತಪ್ಪಾಯಿತು ಎನ್ನುತ್ತಾನೆಂದು ಕಾದಳೇ? ಕಾದಳು ಎಂದೇ ಹೇಳಬೇಕು. ಐದು ದಿನ ಕಾದಳು. ಮಂಗಳವಾರ ಅವನು ಒಂಬತ್ತನೆಯವನ ಪಟ ಕಿತ್ತು ಹಾಕಿದ. ಗೋಡೆಯಲ್ಲಿ ಬಿಳಿ ಚೌಕ ಉಳಿಯಿತು. ಆಗ ಅವಳಿಗೆ ಒಂದಿಷ್ಟು ಆಸೆ ಬಂತು. ಗುರುವಾರ ತಾನೇ ಚಹಾ ಮಾಡಿದ, ಆದರೆ ಒಂದೇ ಲೋಟ, ತನಗೆ. ಅವಳು ಮೆಷಿನ್ನಿನ ಪಕ್ಕದ ಖಾಲಿ ಸ್ಟೂಲನ್ನು ನೋಡಿದಳು. ಶುಕ್ರವಾರ ಅವನು ಪಟವನ್ನು ಮತ್ತೆ ಅಂಟಿಸಿದ, ಮೂಲೆ ಹರಿದಿದ್ದ ಕಡೆ ಟೇಪು ಹಾಕಿ.

ಶನಿವಾರ ಮಧ್ಯಾಹ್ನ ಅವಳು ಅಡುಗೆ ಮುಗಿಸಿ ಪಾತ್ರೆ ತೊಳೆದಳು. ಇವತ್ತು ತಾನು ಕಿಟಕಿಯ ಹತ್ತಿರ ಕೂರುತ್ತೇನೆ, ಏನನ್ನುತ್ತಾನೋ ನೋಡೋಣ ಎಂದುಕೊಂಡು ಹೋಗಿ ಕೂತಳು. ಅವನು ಬಂದ, ಟಿವಿ ಹಾಕಿದ, ಕುರ್ಚಿ ಎಳೆದುಕೊಂಡ. ಆಟಗಾರರು ಸಾಲಾಗಿ ಒಳಗೆ ಓಡಿ ಬರುತ್ತಿದ್ದರು. ಒಂಬತ್ತನೆಯವನು ಎಲ್ಲರಿಗಿಂತ ಹಿಂದೆ, ಕೂದಲು ಸರಿಮಾಡಿಕೊಳ್ಳುತ್ತಾ, ನಡೆದು ಬರುತ್ತಿದ್ದ. ಕೋಚ್ ಅದನ್ನು ನೋಡಿದ. ನೋಡಿಯೂ ಗಡಿಯಾರದ ಕಡೆ ತಿರುಗಿದ.

"ನಾಲ್ಕಾಯ್ತು," ಎಂದ.

ಗೊತ್ತಿಲ್ಲದೆ ಅಂದಿದ್ದರೆ ಅವಳು ಹಿಂದಿನ ಹಾಗೇ ಎದ್ದು ಹೋಗಿ, ಹಿಂದಿನ ಹಾಗೇ ಬರುತ್ತಿದ್ದಳು. ಅವನು ಎಲ್ಲ ಗೊತ್ತಿದ್ದೂ ಅಂದಿದ್ದ.

ಅವಳು ಎದ್ದಳು. ಒಳಗೆ ಹೋಗಿ ನಾಲ್ಕು ಸೀರೆ ಮಡಿಸಿಕೊಂಡಳು, ಅವಳೇ ಒಗೆದು ಅವನೇ ಇಸ್ತ್ರಿ ಹಾಕಿದವು. ಕಲೆ ತಿಕ್ಕುವ ಮರದ ಬ್ರಷ್ಷನ್ನು ಕೆಳಗಿನ ತೊಟ್ಟಿಯ ಬದಿಯಿಂದ ಎತ್ತಿಕೊಂಡು, ನೀರು ಕೊಡವಿ, ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಬೇರೆ ಯಾವುದೂ ಅವಳದು ಅನ್ನಿಸಲಿಲ್ಲ. ಮೇಲಿನಿಂದ ಅವನ ಕೂಗು ಕೇಳಿಸುತ್ತಿತ್ತು, "ನಾಲ್ಕನೆಯವನಿಗೆ ಕೊಡೋ, ನಾಲ್ಕನೆಯವನಿಗೆ." ಅಷ್ಟಾದರೂ ಕಲಿತನಲ್ಲ ಎಂದುಕೊಂಡಳು. ಮನೆಯ ಬೀಗದ ಕೈಯನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟಳು.

ಕ್ಷೌರದವನು ಬಾಗಿಲಲ್ಲಿ ನಿಂತು ಅಂಗಡಿಯೊಳಗಿನ ಟಿವಿಗೆ ಕಿವಿಗೊಟ್ಟಿದ್ದ. ಕತ್ತರಿ ಅವನ ಕೈಯಲ್ಲೇ ಇತ್ತು. ಕೆಳಗಿಡುತ್ತೇನೆ ಎಂದಿದ್ದನ್ನು ಅವನಿಗೆ ನೆನಪಿಸಿದವರಿಲ್ಲ.

"ಏನಕ್ಕಾ, ಇವತ್ತು ಚೀಲ ಬೇರೆ?" ಎಂದ.

"ಇವತ್ತಿನ ಆಟ ಸ್ವಲ್ಪ ಉದ್ದ ಕಣಪ್ಪಾ," ಎಂದಳು ಅವಳು. ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ ಬಸ್ ನಿಲ್ದಾಣದ ಕಡೆ ನಡೆದಳು.