ಷಡ್ಡಕನ ಹಿಂದೆ ದ್ವೀಪಕ್ಕೆ

ಗಡಿಯಾರ ರಿಪೇರಿಯವರಿಗೆ ಜಗತ್ತಿನಲ್ಲಿ ಆಗದವನು ಒಬ್ಬನೇ, ಷಡ್ಡಕ. ಹೆಂಡತಿಯ ತಂಗಿಯ ಗಂಡ ಎಂದ ಮೇಲೆ ಎಲ್ಲದರಲ್ಲೂ ಎರಡನೆಯವನಾಗಿ ಬರಬೇಕಾದವನು, ಬ್ಯಾಂಕ್ ಮ್ಯಾನೇಜರಾಗಿ, ಮನೆ, ಕಾರು ಎರಡನ್ನೂ ಇವರಿಗಿಂತ ಮೊದಲೇ ಮಾಡಿಕೊಂಡಿದ್ದ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಂಗಡಿಯಲ್ಲಿ ಕೂತಿದ್ದರೂ ಆ ಕಾರು ಹಾದುಹೋಗುವುದು ಇನ್ನೊಂದು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಷಡ್ಡಕ ದೂರದ ದ್ವೀಪವೊಂದಕ್ಕೆ ಹೊರಟಿದ್ದಾನೆಂದು ತಿಳಿದ ದಿನವೇ ಇವರೂ ಅಂಗಡಿಗೆ ಬೀಗ ಜಡಿದು ಹೆಂಡತಿಯನ್ನು ಹೊರಡಿಸಿದರು. ಕಡಲಿನಿಂದ ನೆಟ್ಟಗೆ ಎದ್ದ ಅಲ್ಲಿನ ಕರಿಬಂಡೆಗಳನ್ನು ಮಾವನ ಮನೆಯಲ್ಲಿ ವರ್ಣಿಸುವ ಭಾಗ್ಯ ಅವನೊಬ್ಬನ ಪಾಲಾಗಕೂಡದು!

ದ್ವೀಪದಲ್ಲಿ ಹೋಟೆಲಿಲ್ಲ. ಬಂದವರನ್ನು ಮನೆಮನೆಗೆ ಹಂಚುತ್ತಾರೆ. ಅತಿಥಿ ತನಗೆ ಗೊತ್ತಿರುವ ಕೆಲಸವನ್ನು ಊರಿಗೆ ಮಾಡಿಕೊಡಬೇಕು, ಅದು ಅಲ್ಲಿನ ಹಳೇ ಪದ್ಧತಿ. ಷಡ್ಡಕನಿಗೆ ಬಂಡೆಯಂಚಿನ ಮನೆ ಸಿಕ್ಕಿತು, ಕಿಟಕಿ ತುಂಬ ಕಡಲು. ಇವರಿಗೆ ಕೋಳಿಗೂಡಿನ ಹಿಂದಿನ ಕೋಣೆ.

"ನಿಮಗೇನು ಕೆಲಸ ಬರುತ್ತೆ?" ಎಂದಳು ಮನೆಯೊಡತಿ.

"ಗಡಿಯಾರ ರಿಪೇರಿ," ಎಂದು ಇವರು ಎದೆಯುಬ್ಬಿಸಿ ಹೇಳಿದ್ದೇ ತಪ್ಪಾಯಿತು. ಉಪ್ಪುಗಾಳಿಗೆ ಕೆಟ್ಟು ಕೂತಿದ್ದ ಊರಿನ ಗಡಿಯಾರಗಳೆಲ್ಲ ಬುಟ್ಟಿಗಳಲ್ಲಿ ಬಂದಿಳಿದವು. ಷಡ್ಡಕ ತಾನು ಮ್ಯಾನೇಜರು ಎಂದದ್ದಕ್ಕೆ ಅವನ ಮನೆಯೊಡೆಯ ತಲೆ ಕೆರೆದುಕೊಂಡು, "ಹಾಗಾದ್ರೆ ನೀವು ಸುತ್ತಾಡಿಕೊಂಡು ಬನ್ನಿ," ಎಂದನಂತೆ.

ಮೂರು ದಿನ ಅವನು ಸುತ್ತಾಡಿದ. ಇವರು ಚಕ್ರಗಳ ತುಕ್ಕು ಉಜ್ಜಿದರು.

"ಭಾವ, ಅಲೆ ಬಂಡೆಗೆ ಬಡಿದ್ರೆ ಕಾಲ ಕೆಳಗಿನ ನೆಲವೇ ನಡುಗುತ್ತೆ! ನೋಡ್ಲೇಬೇಕು ನೀವು," ಎಂದು ಅವನು ಸಂಜೆ ಬಂದು ಹೇಳುವನು.

"ನೋಡಿದೀನಿ ಬಿಡಯ್ಯ."

"ಯಾವಾಗ್ರೀ? ಕೋಳಿ ಬಿಟ್ರೆ ಇನ್ನೇನು ನೋಡಿದೀರಿ?" ಎನ್ನುವಳು ಹೆಂಡತಿ. ಇವರು ತುಕ್ಕನ್ನು ಇನ್ನಷ್ಟು ಜೋರಾಗಿ ಉಜ್ಜುವರು.

ಹೊರಡುವ ಬೆಳಿಗ್ಗೆ ದೋಣಿಕಟ್ಟೆಗೆ ಇಡೀ ಊರೇ ಬಂದಿತ್ತು. ಒಬ್ಬ ಇವರ ಚೀಲ ಹೊತ್ತ, ಇನ್ನೊಬ್ಬ ಕೈಹಿಡಿದು ದೋಣಿ ಹತ್ತಿಸಿದ. "ನಮ್ಮ ಯಜಮಾನ್ರ ಗಡಿಯಾರ ಹನ್ನೊಂದು ವರ್ಷದ ಮೇಲೆ ನಡೀತಿದೆ ಕಣಪ್ಪಾ, ನೂರು ಕಾಲ ಬಾಳು," ಎಂದು ಅಜ್ಜಿಯೊಬ್ಬಳು ಕೆನ್ನೆ ಸವರಿದಳು. ಷಡ್ಡಕ ತನ್ನ ಚೀಲ ತಾನೇ ಹೊತ್ತುಕೊಂಡು ಹಿಂದಿನಿಂದ ಹತ್ತಿದ.

"ನನ್ನನ್ನ ಹೋಗಿ ಬಾ ಅನ್ನೋರೂ ಇಲ್ಲ ನೋಡಿ, ಭಾವ. ಪುಣ್ಯವಂತರು ನೀವು." ಅವನ ಮುಖ ಹುಳ್ಳಗಾಗಿತ್ತು.

ದೋಣಿ ಬಂಡೆಗಳ ಬುಡದಲ್ಲೇ ಸಾಗಿತು. "ರೀ, ಮೇಲೆ ನೋಡ್ರೀ! ಈಗಲಾದ್ರೂ ನೋಡಿ!" ಎಂದು ಹೆಂಡತಿ ತೋಳು ಜಗ್ಗಿದಳು.

"ಇರೇ, ನೋಡ್ತಿದೀನಿ," ಎಂದರು ಇವರು, ಷಡ್ಡಕನ ಮುಖದಿಂದ ಕಣ್ಣು ಕೀಳದೆ. ಇಷ್ಟು ವರ್ಷ ಕಾದು ಕಂಡ ನೋಟ, ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಕೊನೆಗೆ ತಿರುಗಿದಾಗ ಹಿಂದೆ ಬರೀ ನೀರಿತ್ತು.